ಪಾಲು ಕಟ್ಟಿದವನು ಕೊನೆಗೆ ಎತ್ತಬೇಕು: ರಾಲ್ಸ್ ಯಾರ್ಯಾರಿಂದ ಏನೇನು ಪಡೆದರು?

ಹೆತ್ತೂರು ಬೆಳೆಗಾರ

1989ರಲ್ಲಿ ನಮ್ಮ ಮನೆ ಪಾಲಾಯಿತು. ನಾನಾಗ ಹೈಸ್ಕೂಲು. ಅಪ್ಪ, ಚಿಕ್ಕಪ್ಪ ಇಬ್ಬರೇ ಗಂಡುಮಕ್ಕಳು. ಒಂಬತ್ತು ಎಕರೆ ಕಾಫಿ, ಮೂರು ಎಕರೆ ಗದ್ದೆ, ಒಂದಿಷ್ಟು ಕುರುಚಲು ಗುಡ್ಡ. ಊರ ಹಿರಿಯರನ್ನು ನ್ಯಾಯಕ್ಕೆ ಕೂರಿಸಲಿಲ್ಲ. ತಾತ ಒಂದೇ ಮಾತು ಹೇಳಿದರು: “ದೊಡ್ಡವನು ಪಾಲು ಕಟ್ಟಲಿ, ಚಿಕ್ಕವನು ಮೊದಲು ಎತ್ತಲಿ.” ಅಪ್ಪ ಮೂರು ದಿನ ತೋಟ ಸುತ್ತಿದರು. ಕಣ ಇರುವ ಪಾಲಿಗೆ ಗದ್ದೆ ಕಮ್ಮಿ, ರಸ್ತೆ ಬದಿಯ ಪಾಲಿಗೆ ಹಳೇ ಗಿಡ, ಹಳ್ಳದ ಬದಿಯ ಪಾಲಿಗೆ ಮೆಣಸಿನ ಬಳ್ಳಿ ಹೆಚ್ಚು. ಹೀಗೆ ಕಟ್ಟಿದರು, ಬಿಚ್ಚಿದರು, ಮತ್ತೆ ಕಟ್ಟಿದರು. ತನಗೆ ಯಾವುದು ಉಳಿಯುತ್ತದೋ ಗೊತ್ತಿಲ್ಲವಲ್ಲ! ಚಿಕ್ಕಪ್ಪ ಒಂದನ್ನು ಎತ್ತಿದರು. ಆ ಬೇಲಿಯ ವಿಚಾರದಲ್ಲಿ ಎರಡು ಮನೆಗಳ ನಡುವೆ ಇವತ್ತಿಗೂ ಒಂದು ಬಿರುಸು ಮಾತು ಬಂದಿಲ್ಲ.

ಮುಂದೆ ಹಾಸನದಲ್ಲಿ ಬಿ.ಎ. ಓದುವಾಗ ಅಮೆರಿಕದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಪ್ರಕಟಿಸಿದ ‘ಎ ಥಿಯರಿ ಆಫ್ ಜಸ್ಟಿಸ್’ ಕೈಗೆ ಸಿಕ್ಕಿತು. ಕೇಕು ಕತ್ತರಿಸಿದವನು ಕೊನೆಯ ತುಂಡು ತೆಗೆದುಕೊಳ್ಳಬೇಕು ಎಂಬ ಉದಾಹರಣೆ ಅದರಲ್ಲಿದೆ. ಓದಿದ ಕೂಡಲೇ ತಾತನ ದನಿ ಕಿವಿಗೆ ಬಿತ್ತು.

ಓದದವರಿಗಾಗಿ ಎರಡು ಮಾತು. ಸಮಾಜದ ಕಟ್ಟುಪಾಡುಗಳನ್ನು ಗೊತ್ತು ಮಾಡಲು ನಾವೆಲ್ಲ ಕೂತಿದ್ದೇವೆ ಎಂದುಕೊಳ್ಳಿ. ನಡುವೆ ಒಂದು ‘ಅಜ್ಞಾನದ ಪರದೆ’ ಇದೆ. ನಾನು ಧಣಿಯೋ ಆಳೋ, ಜಾಣನೋ ದಡ್ಡನೋ, ಯಾವ ದೇವರಿಗೆ ಕೈಮುಗಿಯುವವನೋ, ಯಾವುದೂ ನನಗೆ ಗೊತ್ತಿಲ್ಲ. ಅಂಥ ಸ್ಥಿತಿಯಲ್ಲಿ ನಾವು ಎರಡು ನಿಯಮ ಒಪ್ಪುತ್ತೇವೆ ಎನ್ನುತ್ತಾರೆ ರಾಲ್ಸ್. ಮೊದಲನೆಯದು, ಎಲ್ಲರಿಗೂ ಸಮಾನವಾದ ಮೂಲ ಸ್ವಾತಂತ್ರ್ಯಗಳು; ಯಾವ ಲಾಭಕ್ಕೂ ಇದನ್ನು ಮಾರುವಂತಿಲ್ಲ. ಎರಡನೆಯದು, ಏರುಪೇರು ಇರುವುದಾದರೆ ಅವಕಾಶ ಎಲ್ಲರಿಗೂ ನಿಜವಾಗಿ ತೆರೆದಿರಬೇಕು, ಮತ್ತು ಆ ಏರುಪೇರು ಎಲ್ಲರಿಗಿಂತ ಕೆಳಗಿರುವವರಿಗೆ ಹೆಚ್ಚು ಒಳಿತು ಮಾಡುವಂತಿರಬೇಕು.

ನನ್ನ ಪ್ರಶ್ನೆ ಇದು. ಈ ಯೋಚನೆ ಅವರಿಗೆ ಎಲ್ಲಿಂದ ಬಂತು? “ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನಿಂದ” ಎಂದು ಎಲ್ಲ ಕಡೆ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅಷ್ಟೇ ಅಲ್ಲ ಅನ್ನಿಸುತ್ತದೆ. ತಿಳಿದವರು ಬಿಡಿಸಿ ಬರೆಯಬೇಕೆಂದು ಕೋರಿಕೆ.

ಹಾಸನದ ಮೇಷ್ಟ್ರು

ಮೂವತ್ತು ವರ್ಷ ಇದನ್ನೇ ಪಾಠ ಮಾಡಿದವನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ರಾಲ್ಸ್ ತನ್ನ ಮುನ್ನುಡಿಯಲ್ಲೇ ಲೆಕ್ಕ ಒಪ್ಪಿಸಿದ್ದಾನೆ. ಲಾಕ್, ರೂಸೋ, ಕಾಂಟ್ ಈ ಮೂವರು ಹಳೆಯ ಚಿಂತಕರ ಸಾಮಾಜಿಕ ಒಪ್ಪಂದದ ವಿಚಾರವನ್ನು, ಅಂದರೆ ಜನ ತಾವೇ ಒಪ್ಪಿಕೊಂಡ ಕರಾರಿನ ಮೇಲೆ ಸಮಾಜ ನಿಲ್ಲುತ್ತದೆ ಎಂಬ ವಿಚಾರವನ್ನು, ಇನ್ನೂ ಒಂದು ಮೆಟ್ಟಿಲು ಮೇಲಕ್ಕೆ ಒಯ್ಯುತ್ತಿದ್ದೇನೆ ಅನ್ನುತ್ತಾನೆ. ಒಪ್ಪಂದದ ಮಾತನ್ನೇ ಆಡಿದ ಹಾಬ್ಸ್‌ನನ್ನು ಬೇಕೆಂದೇ ಈ ಸಾಲಿನಿಂದ ಹೊರಗಿಟ್ಟಿದ್ದಾನೆ. ಭಯಕ್ಕೆ ಮಾಡಿಕೊಂಡ ರಾಜಿ ಬೇರೆ, ನ್ಯಾಯಕ್ಕೆ ಮಾಡಿಕೊಂಡ ಒಪ್ಪಂದ ಬೇರೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಈ ಮೂವರಲ್ಲಿ ವಿದ್ಯಾರ್ಥಿಗಳು ಬೇಗ ದಾಟಿಬಿಡುವುದು ಲಾಕ್‌ನನ್ನು. ನನಗೆ ಪರದೆಯ ಗುಟ್ಟು ಅಲ್ಲೇ ಇದೆ ಅನ್ನಿಸುತ್ತದೆ. ಲಾಕ್‌ನ ಒಪ್ಪಂದಕ್ಕೆ ಬರುವವನು ತನ್ನ ಆಸ್ತಿ ಎಷ್ಟು ಎಂದು ತಿಳಿದೇ ಬರುತ್ತಾನೆ. ನೂರು ಎಕರೆಯವನೂ ಏನೂ ಇಲ್ಲದವನೂ ಒಂದೇ ಚಾಪೆಯ ಮೇಲೆ ಕೂತು ಮಾತಾಡಿದರೆ ಏನಾಗುತ್ತದೆ? ಆಸ್ತಿ ಇದ್ದವನಿಗೆ ಮಾತ್ರ ಮತದ ಹಕ್ಕು ಎಂಬ ವ್ಯವಸ್ಥೆಗೂ ಎಲ್ಲರ ಒಪ್ಪಿಗೆ ಬಿದ್ದುಬಿಡಬಹುದು. ರಾಲ್ಸ್ ಹಾರ್ವರ್ಡ್‌ನಲ್ಲಿ ಮಾಡಿದ ಪಾಠಗಳು 2007ರಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿ ಲಾಕ್‌ನ ಈ ಬಿರುಕನ್ನು ಬೆರಳಿಟ್ಟು ತೋರಿಸಿದ್ದಾನೆ. ಒಪ್ಪಿಗೆ ಇದ್ದರಷ್ಟೇ ಸಾಲದು, ಒಪ್ಪಿಗೆ ಕೊಡುವ ಹೊತ್ತಿನಲ್ಲಿ ಚೌಕಾಸಿಯ ಬಲ ಸಮನಾಗಿರಬೇಕು. ಅದಕ್ಕಾಗಿಯೇ ಆಸ್ತಿಯನ್ನು ಪರದೆಯ ಹಿಂದೆ ಮುಚ್ಚಿಟ್ಟ.

ರೂಸೋ ಕೊಟ್ಟಿದ್ದು ಎರಡು. 1762ರಲ್ಲಿ ಒಂದೇ ವರ್ಷ ಅವನ ಎರಡು ಪುಸ್ತಕ ಬಂದವು. ‘ಸೋಶಿಯಲ್ ಕಾಂಟ್ರಾಕ್ಟ್’ನಲ್ಲಿ ಹೇಳಿದ್ದು, ಕಾನೂನು ಎಲ್ಲರಿಂದ ಹುಟ್ಟಿ ಎಲ್ಲರಿಗೂ ತಾಗಬೇಕು, ಆಗ ನನಗಾಗಿ ಯೋಚಿಸಿದರೂ ಎಲ್ಲರಿಗಾಗಿ ಯೋಚಿಸಿದಂತೆಯೇ. ‘ಎಮೀಲ್’ನಲ್ಲಿ ಮಗುವಿನ ಮನಸ್ಸಿನಲ್ಲಿ ನ್ಯಾಯದ ಭಾವ ಹೇಗೆ ಮೊಳೆಯುತ್ತದೆ ಎಂದು ತೋರಿಸಿದ. ರಾಲ್ಸ್‌ನ ಪುಸ್ತಕದ ಮೂರನೇ ಭಾಗವನ್ನು ಯಾರೂ ಓದುವುದಿಲ್ಲ, ನನಗೆ ಅದು ಬೇಸರದ ಸಂಗತಿ. ಅಪ್ಪ ಅಮ್ಮನ ಪ್ರೀತಿ, ಆಮೇಲೆ ಜೊತೆಗಾರರ ನಂಬಿಕೆ, ಆಮೇಲೆ ನಿಯಮದ ಮೇಲಿನ ಗೌರವ, ಹೀಗೆ ನ್ಯಾಯಬುದ್ಧಿ ಬೆಳೆಯುವ ದಾರಿಯನ್ನು ಅಲ್ಲಿ ರೂಸೋನ ಜೊತೆ ಮಕ್ಕಳ ಮನಸ್ಸನ್ನು ಅಧ್ಯಯನ ಮಾಡಿದ ಪಿಯಾಜೆಯನ್ನೂ ಇಟ್ಟುಕೊಂಡು ವಿವರಿಸುತ್ತಾನೆ. ಬೆಳೆಗಾರರ ಮನೆಯಲ್ಲಿ ಆ ಪಾಲು ನಿಂತಿತಲ್ಲ, ಬರೀ ಜಾಣ ನಿಯಮದಿಂದ ನಿಲ್ಲಲಿಲ್ಲ. ಅಣ್ಣ ತಮ್ಮಂದಿರಲ್ಲಿ ಆ ಭಾವ ಮೊದಲೇ ಬೆಳೆದಿತ್ತು.

ಕಾಂಟ್ ವಿಚಾರಕ್ಕೆ ಬಂದರೆ, ಪರದೆಯ ಕಲ್ಪನೆ ಕಾಂಟ್‌ನ ನೀತಿಶಾಸ್ತ್ರದಲ್ಲೇ ಅಡಗಿದೆ ಎಂದು ರಾಲ್ಸ್ ತಾನೇ ಬರೆದಿದ್ದಾನೆ. ಪುಸ್ತಕದ ನಲವತ್ತನೆಯ ಸೆಕ್ಷನ್ ಪೂರ್ತಿ ಕಾಂಟ್‌ಗೆ ಮೀಸಲು. ನನ್ನ ಹುಟ್ಟು, ನನ್ನ ಆಸೆ, ನನ್ನ ಲಾಭ ಇವುಗಳ ಎಳೆತಕ್ಕೆ ಸಿಕ್ಕಿ ನಿಯಮ ಮಾಡಿದರೆ ನಾನು ಸ್ವತಂತ್ರನಲ್ಲ. ಅವನ್ನೆಲ್ಲ ಬದಿಗಿಟ್ಟು, ಬುದ್ಧಿಯುಳ್ಳ ಒಂದು ಜೀವವಾಗಿ ನನಗೆ ನಾನೇ ಹಾಕಿಕೊಂಡ ನಿಯಮವೇ ಸ್ವಾತಂತ್ರ್ಯ. ಆದರೆ ಕಾಂಟ್‌ನಲ್ಲಿ ಇದೆಲ್ಲ ಈ ಲೋಕದಾಚೆಯ ಒಂದು ನೆಲೆಯಲ್ಲಿ ನಡೆಯುತ್ತದೆ. ಅದನ್ನು ನೆಲಕ್ಕೆ ಇಳಿಸಲು ರಾಲ್ಸ್ ಹೋಗಿದ್ದು ಕಾಂಟ್‌ನ ಎದುರಾಳಿ ಎಂದು ನಾವು ಪಾಠ ಮಾಡುವ ಡೇವಿಡ್ ಹ್ಯೂಮ್ ಬಳಿಗೆ. ನ್ಯಾಯ ಯಾವಾಗ ಬೇಕಾಗುತ್ತದೆ? ಎಲ್ಲರಿಗೂ ಸಾಕಾಗಿ ಮಿಗುವಷ್ಟಿದ್ದರೆ ಬೇಡ. ಏನೂ ಇಲ್ಲದೆ ಸಾಯುತ್ತಿದ್ದರೆ ನಡೆಯದು. ಮನುಷ್ಯರೆಲ್ಲ ದೇವರಂಥವರಾದರೂ ಬೇಡ. ಸ್ವಲ್ಪ ಕೊರತೆ, ಸ್ವಲ್ಪ ಸ್ವಾರ್ಥ, ಇವೆರಡರ ನಡುವೆ ನ್ಯಾಯಕ್ಕೆ ಕೆಲಸ. ‘ನ್ಯಾಯದ ಸಂದರ್ಭಗಳು’ ಎಂದು ರಾಲ್ಸ್ ಕರೆದಿದ್ದು ಇದನ್ನೇ, ಮತ್ತು ಇದು ಹ್ಯೂಮ್‌ನ ಮಾತು ಎಂದು ಹೇಳಿಯೇ ಎತ್ತಿಕೊಂಡಿದ್ದಾನೆ.

ನಾಲೆ ಕೊನೆ, ಚನ್ನರಾಯಪಟ್ಟಣ

ಮೇಷ್ಟ್ರೇ, ಈ ಹ್ಯೂಮ್ ಅನ್ನೋರು ಹೇಮಾವತಿ ನಾಲೆ ಕೊನೇಲಿ ಬೇಸಾಯ ಮಾಡಿದ್ರಾ ಅನ್ನಿಸ್ತು. ಗೊರೂರು ಅಣೆ ತುಂಬಿ ನಾಲೆ ದಡ ಮುಟ್ಟಿ ಹರಿಯೋ ವರ್ಷ ಯಾರೂ ತೂಬಿನ ಹತ್ರ ರಾತ್ರಿ ಕಾಯಲ್ಲ. ಪೂರಾ ಬರ ಬಂದ ವರ್ಷಾನೂ ಜಗಳ ಇಲ್ಲ, ಎಲ್ಲರೂ ಬೆಂಗಳೂರಿಗೆ ಕೂಲಿಗೆ ಹೋಗಿರ್ತಾರೆ. ಜಗಳ ಬರೋದು ಅರೆಬರೆ ನೀರು ಬಂದ ವರ್ಷ. ಮೇಲಿನೋರು ಎರಡನೇ ಬೆಳೆಗೆ ಬಿಟ್ಕೋತಾರೆ, ನಮಗೆ ಮೊದಲನೇ ಬೆಳೆಗೂ ಇರಲ್ಲ.

ಒಂದು ಕೇಳ್ತೀನಿ. ನಮ್ಮೂರ ಕೆರೆಗೆ ಹಿಂದೆ ಒಬ್ಬ ನೀರುಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನೇ ಹೇಳ್ತಿದ್ದ. ಆ ಕೆರೆ ಕೆಳಗೆ ಅವನಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಅದಕ್ಕೇ ಅವನ ಮಾತು ನಡೀತಿತ್ತು. ಪರದೆ ಅಂದ್ರೆ ಇದೇ ಅಲ್ವಾ?

ಹಾಸನದ ಮೇಷ್ಟ್ರು

ತುಂಬ ಒಳ್ಳೆಯ ಪ್ರಶ್ನೆ. ಪರದೆ ಅದಲ್ಲ, ಆದರೆ ಅದರ ಎದುರು ನಿಲ್ಲುವ ಇನ್ನೊಂದು ದೊಡ್ಡ ವಿಚಾರವನ್ನು ನೀವು ಹಿಡಿದಿದ್ದೀರಿ.

ನಿಮ್ಮ ನೀರುಗಂಟಿ ಹೊರಗೆ ನಿಂತವನು. ಹ್ಯೂಮ್ ಮತ್ತು ಆಡಂ ಸ್ಮಿತ್ ಹೇಳಿದ ‘ಪಕ್ಷಪಾತವಿಲ್ಲದ ಪ್ರೇಕ್ಷಕ’ ಅವನೇ. ಸ್ಮಿತ್ 1759ರಲ್ಲಿ ಬರೆದ ನೀತಿಶಾಸ್ತ್ರದ ಪುಸ್ತಕದಲ್ಲಿ ಈ ಪ್ರೇಕ್ಷಕನಿಗೆ ದೊಡ್ಡ ಸ್ಥಾನ. ರಾಲ್ಸ್ ಇದನ್ನು ಗಂಭೀರವಾಗಿ ಪರಿಶೀಲಿಸಿ ಬಿಟ್ಟ. ಹೊರಗೆ ನಿಂತು ಎಲ್ಲರ ಸುಖದುಃಖವನ್ನೂ ತನ್ನೊಬ್ಬನ ಮನಸ್ಸಿನಲ್ಲಿ ಕೂಡಿಸಿ ನೋಡುವವನು, ಕೊನೆಗೆ ಒಟ್ಟು ಇಳುವರಿ ಹೆಚ್ಚಾದರೆ ಸಾಕು ಎಂಬ ಲೆಕ್ಕಕ್ಕೆ ಬಂದುಬಿಡುತ್ತಾನೆ ಎಂಬ ಆತಂಕ ಅವನದು. ಮೇಲಿನ ಗದ್ದೆಗಳು ನೂರು ಪಲ್ಲ ಹೆಚ್ಚು ಬೆಳೆದು, ನಿಮ್ಮದು ಮೂವತ್ತು ಪಲ್ಲ ಒಣಗಿದರೂ ಕೂಡಿದಾಗ ಲಾಭವೇ. ರಾಲ್ಸ್‌ನ ಪರದೆಯ ಹಿಂದೆ ಕೂತವರಿಗೆ ಅಲ್ಲೇ ಜಮೀನಿದೆ. ಮೇಲೋ ಕೊನೆಯೋ ಅದು ಮಾತ್ರ ಗೊತ್ತಿಲ್ಲ.

ಅಮರ್ತ್ಯ ಸೇನ್ ಮಾತ್ರ ನಿಮ್ಮ ನೀರುಗಂಟಿಯ ಕಡೆ. 2009ರ ತಮ್ಮ ಪುಸ್ತಕದಲ್ಲಿ ಸ್ಮಿತ್‌ನ ಪ್ರೇಕ್ಷಕನನ್ನು ಮತ್ತೆ ಕರೆತಂದರು. ಊರ ಹೊರಗಿನವನ ಕಣ್ಣು ಇಲ್ಲದಿದ್ದರೆ ಊರಿನವರ ತಪ್ಪು ಊರಿನವರಿಗೆ ಕಾಣುವುದಿಲ್ಲ ಎಂಬುದು ಅವರ ವಾದ. ನಮ್ಮ ಸಂಸ್ಕೃತ ಶಾಸ್ತ್ರಗಳಲ್ಲಿನ ‘ನೀತಿ’ ಮತ್ತು ‘ನ್ಯಾಯ’ ಎಂಬ ಭೇದವನ್ನು ತಂದು, ರಾಲ್ಸ್ ನೀತಿಯ ಕಡೆ, ಅಂದರೆ ವ್ಯವಸ್ಥೆಯನ್ನು ಸರಿಯಾಗಿ ಕಟ್ಟುವ ಕಡೆ ವಾಲಿದರು, ಜನರ ಬದುಕಿನಲ್ಲಿ ನಿಜಕ್ಕೂ ಏನು ನಡೆಯುತ್ತಿದೆ ಎಂದು ನೋಡುವ ನ್ಯಾಯವನ್ನು ಸಾಕಷ್ಟು ನೋಡಲಿಲ್ಲ ಎಂದರು. ಇಷ್ಟೆಲ್ಲ ಟೀಕಿಸಿ ಆ ಪುಸ್ತಕವನ್ನು ಅರ್ಪಿಸಿದ್ದು ರಾಲ್ಸ್ ನೆನಪಿಗೇ.

ಲೈನ್‌ಮನೆ ಹುಡುಗ, ಮೂಡಿಗೆರೆ

ಅಣ್ಣ, ನಿಮ್ಮ ನೀರುಗಂಟಿಗೆ ಜಮೀನು ಯಾಕೆ ಇರಲಿಲ್ಲ ಅಂತ ಯಾರೂ ಕೇಳಲಿಲ್ಲ. ನಮ್ಮ ಮುತ್ತಜ್ಜ ಬಯಲುಸೀಮೆಯ ಒಂದು ಊರಲ್ಲಿ ನೀರುಗಂಟಿ. ಅವರಿಗೆ ಪಕ್ಷಪಾತ ಇರಲಿಲ್ಲ ನಿಜ. ಪಕ್ಷ ವಹಿಸೋಕೆ ಒಂದು ಗುಂಟೆ ಭೂಮಿ ಇಟ್ಟುಕೊಳ್ಳೋಕೂ ಊರು ಬಿಡಲಿಲ್ಲ. ಆಮೇಲೆ ಅವರ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಆಳಾಗಿ ಬಂದರು. ನಾನು ಹುಟ್ಟಿದ್ದು ಲೈನ್‌ಮನೆಯಲ್ಲಿ, ಅಂದರೆ ತೋಟದ ಆಳುಗಳ ಸಾಲುಮನೆಯಲ್ಲಿ. ಈ ವಿಚಾರದಲ್ಲಿ ಇನ್ನೂ ಹೇಳೋದಿದೆ, ರಾತ್ರಿ ಬರೆಯುತ್ತೇನೆ.

ನಾಲೆ ಕೊನೆ, ಚನ್ನರಾಯಪಟ್ಟಣ

ತಮ್ಮಾ, ನೀನು ಹೇಳಿದ್ದು ಸರಿ. ನಾನು ಆ ಕಡೆಯಿಂದ ಯೋಚನೆ ಮಾಡಿರಲಿಲ್ಲ. ಬರಿ, ಕಾಯ್ತೀನಿ.

ಕಡೂರು ಗಣಿತದ ಟೀಚರ್

ಅಷ್ಟರೊಳಗೆ ನಾನೊಂದು ಲೆಕ್ಕ ಹೇಳಿಬಿಡುತ್ತೇನೆ. ತತ್ತ್ವಶಾಸ್ತ್ರದವರು ಮರೆಯುವ ಒಂದು ಸಾಲವಿದೆ, ಅದು ಅರ್ಥಶಾಸ್ತ್ರದ್ದು.

ಪರದೆಯ ಹಿಂದೆ ಕೂರಿಸುವ ಯೋಚನೆ ರಾಲ್ಸ್‌ಗಿಂತ ಮುಂಚೆಯೇ ಬಂದಿತ್ತು. 1945ರಲ್ಲಿ ವಿಲಿಯಂ ವಿಕ್ರಿ, 1953 ಮತ್ತು 1955ರಲ್ಲಿ ಜಾನ್ ಹರ್ಸಾನಿ ಇದನ್ನು ಬರೆದರು. ಸಮಾಜದಲ್ಲಿ ಯಾವ ಸ್ಥಾನ ನನಗೆ ಬರುತ್ತದೆ ಎಂಬುದು ಗೊತ್ತಿಲ್ಲ, ಎಲ್ಲ ಸ್ಥಾನಕ್ಕೂ ಸಮ ಸಂಭವ ಎಂದಿಟ್ಟುಕೊಂಡು ಆರಿಸು ಎಂದರು. ಮೂರೇ ಮನೆಯ ಒಂದು ಊರು ಎಂದುಕೊಳ್ಳಿ. ಮೊದಲ ವ್ಯವಸ್ಥೆಯಲ್ಲಿ ಮನೆಗಳಿಗೆ 100, 100, 10 ಸಿಗುತ್ತದೆ. ಎರಡನೆಯದರಲ್ಲಿ 60, 60, 40. ಮೊದಲನೆಯದರ ಸರಾಸರಿ 70, ಎರಡನೆಯದರದ್ದು 53 ಚಿಲ್ಲರೆ. ಈ ಅಂಕಿಗಳು ಬರೀ ದುಡ್ಡಲ್ಲ, ಆ ದುಡ್ಡಿನಿಂದ ಸಿಗುವ ನೆಮ್ಮದಿಯ ಅಳತೆ ಎಂದಾದರೆ ಹರ್ಸಾನಿ ಮೊದಲನೆಯದನ್ನು ಆರಿಸುತ್ತಾರೆ. ರಾಲ್ಸ್ ಎರಡನೆಯದನ್ನು. ಅವರು ನೋಡುವುದು ಕೊನೆಯ ಮನೆಯನ್ನು. 10 ಮೇಲೋ 40 ಮೇಲೋ?

ಒಂದೇ ಪರದೆ, ಎರಡು ಉತ್ತರ. ಯಾಕೆ? ರಾಲ್ಸ್ ಹೇಳುವುದು, ಈ ಪರದೆಯ ಹಿಂದೆ ಸಂಭವದ ಲೆಕ್ಕ ಹಾಕಲು ಏನೂ ಆಧಾರವಿಲ್ಲ. ಲಾಟರಿ ಚೀಟಿಯಾದರೆ ಮುಂದಿನ ವಾರ ಮತ್ತೆ ಕೊಳ್ಳಬಹುದು, ಬದುಕು ಒಂದೇ. ಇನ್ನೂ ದೊಡ್ಡ ಕಾರಣ, ಒಪ್ಪಿದ ಮೇಲೆ ಆ ಮಾತಿಗೆ ಕಟ್ಟುಬಿದ್ದು ಬದುಕಲು ಆಗಬೇಕು. 10ರ ಮನೆಯಲ್ಲಿ ಕಣ್ಣು ಬಿಟ್ಟವನಿಗೆ “ನೀನೇ ಒಪ್ಪಿದ್ದೆಯಲ್ಲ” ಎಂದು ಹೇಳಲು ನಾಲಗೆ ಏಳುತ್ತದೆಯೇ? ಹರ್ಸಾನಿ 1975ರಲ್ಲಿ ಇದಕ್ಕೆ ಕಟುವಾದ ಉತ್ತರ ಬರೆದರು. ಯಾವಾಗಲೂ ಕೆಟ್ಟದ್ದನ್ನೇ ನೆನೆದು ನಿರ್ಧರಿಸುವವನು ರಸ್ತೆಯನ್ನೂ ದಾಟಲಾರ ಎಂಬ ಧಾಟಿಯ ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ, ಏಕೆಂದರೆ ದಿನದಿನದ ನಿರ್ಧಾರಗಳಿಗೆ ಈ ಸೂತ್ರ ಎಂದು ರಾಲ್ಸ್ ಹೇಳಿಯೇ ಇಲ್ಲ. 1968-69ರಲ್ಲಿ ಹಾರ್ವರ್ಡ್‌ನಲ್ಲಿ ರಾಲ್ಸ್, ಅರ್ಥಶಾಸ್ತ್ರಜ್ಞ ಕೆನೆತ್ ಆರೋ, ಸೇನ್ ಮೂವರೂ ಸೇರಿ ಒಂದೇ ತರಗತಿಗೆ ಪಾಠ ಮಾಡಿದ್ದರು. ಆ ಬೆಂಚಿನಲ್ಲಿ ಒಂದು ದಿನ ಕೂರುವ ಭಾಗ್ಯ ಸಿಕ್ಕಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಹಾಸನದ ಮೇಷ್ಟ್ರು

ಟೀಚರ್ ಹೇಳಿದ ಆ ಸರಾಸರಿಯವರೇ ರಾಲ್ಸ್‌ನ ಮುಖ್ಯ ಎದುರಾಳಿಗಳು, ಎಲ್ಲರ ಸುಖವನ್ನು ಕೂಡಿಸಿ ಲೆಕ್ಕ ನೋಡುವ ಉಪಯುಕ್ತತಾವಾದಿಗಳು. ಎದುರಾಳಿಯಿಂದಲೂ ಕಲಿಯಬಹುದು ಎಂಬುದಕ್ಕೆ ಹೆನ್ರಿ ಸಿಜ್ವಿಕ್ ಸಾಕ್ಷಿ. ಅವನ 1874ರ ‘ಮೆಥಡ್ಸ್ ಆಫ್ ಎಥಿಕ್ಸ್’ನಿಂದಲೇ, ನೀತಿಯ ಸಿದ್ಧಾಂತಗಳನ್ನು ಪಕ್ಕಪಕ್ಕ ಇಟ್ಟು ತೂಗುವ ಶಿಸ್ತನ್ನು ರಾಲ್ಸ್ ಪಡೆದ. ತೂಗಿ ನೋಡಿದ ಮೇಲೆ, ಒಬ್ಬನ ನೋವಿಗೆ ಇನ್ನೊಬ್ಬನ ನಲಿವನ್ನು ಜಮಾ ಮಾಡುವವರು ಮನುಷ್ಯ ಮನುಷ್ಯ ಬೇರೆ ಬೇರೆ ಎಂಬುದನ್ನೇ ಗಂಭೀರವಾಗಿ ತೆಗೆದುಕೊಂಡಿಲ್ಲ ಎಂದ. ಆ ಒಂದು ವಾಕ್ಯಕ್ಕಾಗಿ ನಾನು ಇಡೀ ಪುಸ್ತಕವನ್ನು ಪ್ರೀತಿಸುತ್ತೇನೆ.

ಇನ್ನು ಕೆಲವರನ್ನು ಹೆಸರು ಹೇಳಿ ಬಿಡುತ್ತೇನೆ. ಪ್ರಿನ್ಸ್‌ಟನ್‌ನಲ್ಲಿ ಮೊದಲು ಪಾಠ ಹೇಳಿದವರಲ್ಲಿ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್‌ನ ಶಿಷ್ಯ ನಾರ್ಮನ್ ಮಾಲ್ಕಮ್ ಒಬ್ಬ. ಪಿಎಚ್.ಡಿ.ಗೆ ಮಾರ್ಗದರ್ಶಿ ವಾಲ್ಟರ್ ಸ್ಟೇಸ್. ಅವನು ಎರಡು ದಶಕ ನಮ್ಮ ಪಕ್ಕದ ಸಿಲೋನಿನಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದವನು. 1952-53ರಲ್ಲಿ ಆಕ್ಸ್‌ಫರ್ಡ್‌ಗೆ ಹೋದಾಗ ತತ್ತ್ವಜ್ಞಾನಿ ಐಸೇಯಾ ಬರ್ಲಿನ್, ಕಾನೂನಿನ ಚಿಂತಕ ಎಚ್.ಎಲ್.ಎ. ಹಾರ್ಟ್ ಸಹವಾಸ. 1955ರಲ್ಲಿ ಬರೆದ ನಿಯಮಗಳ ಕುರಿತ ಲೇಖನದಲ್ಲಿ ಅದರ ಫಲ ಕಾಣುತ್ತದೆ. ಕಬಡ್ಡಿ ಆಡುತ್ತಾ ಆಡುತ್ತಾ “ನನಗೆ ಇನ್ನೊಂದು ಉಸಿರು ಕೊಡಿ, ಎಲ್ಲರಿಗೂ ಖುಷಿಯಾಗುತ್ತದೆ” ಎಂದು ಕೇಳುವಂತಿಲ್ಲ. ಹಾಗೆ ಕೇಳಿದವನು ಕಬಡ್ಡಿ ಆಡುತ್ತಿಲ್ಲ. ಆಟದ ನಿಯಮ ಸರಿಯೇ ಎಂಬ ಪ್ರಶ್ನೆ ಬೇರೆ, ಆಟದೊಳಗಿನ ನಡೆ ಸರಿಯೇ ಎಂಬ ಪ್ರಶ್ನೆ ಬೇರೆ. ನ್ಯಾಯದ ವಿಚಾರ ಸಮಾಜದ ‘ಮೂಲ ರಚನೆ’ಯ, ಅಂದರೆ ಅದರ ಮುಖ್ಯ ವ್ಯವಸ್ಥೆಗಳನ್ನು ಕಟ್ಟಿದ ಬಗೆಯ ವಿಚಾರ ಎಂದು ಅವನು ಆಮೇಲೆ ಹಟ ಹಿಡಿದದ್ದಕ್ಕೆ ಬೀಜ ಇಲ್ಲೇ ಇದೆ ಎಂದು ನನ್ನ ಅಭಿಪ್ರಾಯ. ಜರ್ಮನ್ ಚಿಂತಕ ಹೆಗೆಲ್‌ನ ಪಾಲೂ ಅದರಲ್ಲಿದೆ, ಅದನ್ನು ಬಿಡಿಸಲು ಹೋದರೆ ಬೆಳಗಾಗುತ್ತದೆ.

ಲೈನ್‌ಮನೆ ಹುಡುಗ, ಮೂಡಿಗೆರೆ

ಈಗ ಬರೆಯುತ್ತೇನೆ.

ಇಲ್ಲಿಯವರೆಗೆ ಬಂದ ಹೆಸರೆಲ್ಲ ಪುಸ್ತಕದವು. ನನಗೆ ರಾಲ್ಸ್ ಹತ್ತಿರವಾಗಿದ್ದು ಬೇರೆ ಕಡೆಯಿಂದ. ಅವರು ಏಳೆಂಟು ವರ್ಷದ ಹುಡುಗನಾಗಿದ್ದಾಗ ಅವರಿಗೆ ಗಂಟಲುಮಾರಿ ಬಂತು. ಅವರಿಂದ ತಮ್ಮನಿಗೆ ಅಂಟಿತು. ಇವರು ಉಳಿದರು, ತಮ್ಮ ಹೋದ. ಮುಂದಿನ ವರ್ಷ ಇವರಿಗೆ ನ್ಯುಮೋನಿಯಾ ಬಂದು ಇನ್ನೊಬ್ಬ ತಮ್ಮನಿಗೆ ಅಂಟಿತು. ಅವನೂ ಹೋದ. ಆಮೇಲೆ ಯುದ್ಧ. 1945ರ ಮೇ ತಿಂಗಳು, ಫಿಲಿಪ್ಪೀನ್ಸ್‌ನ ಲೂಜಾನ್ ದ್ವೀಪ. ಗಾಯಾಳು ಒಬ್ಬನಿಗೆ ರಕ್ತ ಕೊಡಲು ಒಬ್ಬ ಬೇಕು, ಕರ್ನಲ್ ಜೊತೆ ಶತ್ರುವಿನ ನೆಲೆ ನೋಡಲು ಒಬ್ಬ ಬೇಕು. ರಾಲ್ಸ್‌ರ ರಕ್ತದ ಗುಂಪು ಹೊಂದಿತು, ಅವರು ರಕ್ತ ಕೊಡಲು ಹೋದರು. ಕರ್ನಲ್ ಜೊತೆ ಹೋದ ಗೆಳೆಯ ಮಾರ್ಟರ್ ಶೆಲ್ ಬಿದ್ದು ಸತ್ತ. ಪಾದ್ರಿಯಾಗಬೇಕೆಂದಿದ್ದವರು ಯುದ್ಧ ಮುಗಿಯುವಷ್ಟರಲ್ಲಿ ದೇವರ ಮೇಲಿನ ನಂಬಿಕೆ ಕಳೆದುಕೊಂಡರು. ಇದನ್ನೆಲ್ಲ ಅವರೇ 1997ರಲ್ಲಿ ಬರೆದಿಟ್ಟಿದ್ದಾರೆ.

ರಕ್ತದ ಗುಂಪು ಯಾರ ಯೋಗ್ಯತೆ? ಹುಟ್ಟು ಯಾರ ಯೋಗ್ಯತೆ? ನಾನು ಲೈನ್‌ಮನೆಯಲ್ಲಿ ಹುಟ್ಟಿದ್ದು ನನ್ನ ತಪ್ಪಲ್ಲ, ನನ್ನ ವಯಸ್ಸಿನವನೇ ಬಂಗಲೆಯಲ್ಲಿ ಹುಟ್ಟಿದ್ದು ಅವನ ಸಾಧನೆಯಲ್ಲ. ಇಲ್ಲಿಗೆ ಎಲ್ಲರೂ ತಲೆದೂಗುತ್ತಾರೆ. ರಾಲ್ಸ್ ಇನ್ನೊಂದು ಹೆಜ್ಜೆ ಇಟ್ಟರು. ಹುಟ್ಟಿನಿಂದ ಬಂದ ಬುದ್ಧಿ, ಅಷ್ಟೇ ಯಾಕೆ, ಕಷ್ಟಪಟ್ಟು ದುಡಿಯುವ ಗುಣ ಕೂಡ ಎಷ್ಟೋ ಮಟ್ಟಿಗೆ ಬೆಳೆದ ಮನೆಯಿಂದ ಬಂದದ್ದು ಎಂದರು. ಇದರ ಹಿಂದೆ ಷಿಕಾಗೋದ ಫ್ರಾಂಕ್ ನೈಟ್ ಇದ್ದಾರೆ. ಮಾರುಕಟ್ಟೆಯ ಪರವಾಗಿದ್ದ ಅರ್ಥಶಾಸ್ತ್ರಜ್ಞ. ಅಂಥವರೇ 1935ರ ಪುಸ್ತಕದಲ್ಲಿ, ಮನುಷ್ಯನ ಗಳಿಕೆಯ ಶಕ್ತಿಗೆ ಕಾರಣ ವಂಶ, ಅದೃಷ್ಟ, ಶ್ರಮ, ಬಹುಶಃ ಅದೇ ಕ್ರಮದಲ್ಲಿ ಎಂದಿದ್ದರು. ಶ್ರಮ ಕೊನೆಗೆ! ರಾಲ್ಸ್ ತಮ್ಮ ಪುಸ್ತಕದ ಅಡಿಟಿಪ್ಪಣಿಯಲ್ಲಿ ನೈಟ್ ಹೆಸರು ಹೇಳುತ್ತಾರೆ.

ಮಾರ್ಕ್ಸ್ ಹೆಸರನ್ನೂ ಬಿಡಬೇಡಿ. ಮತ ಹಾಕುವ ಹಕ್ಕು ಕಾಗದದ ಮೇಲಿದ್ದರೆ ಸಾಲದು ಎಂಬ ಅವರ ಆಕ್ಷೇಪಕ್ಕೆ ರಾಲ್ಸ್ ಕಡೆಯವರೆಗೂ ಉತ್ತರ ಹುಡುಕಿದರು. 2001ರ ಪುಸ್ತಕದಲ್ಲಂತೂ, ಬಡವರಿಗೆ ಕೊನೆಯಲ್ಲಿ ಒಂದಿಷ್ಟು ಹಂಚುವ ಬಂಡವಾಳಶಾಹಿ ತಮ್ಮ ನಿಯಮಕ್ಕೆ ಹೊಂದುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಆಸ್ತಿಯೇ ಮೊದಲಿನಿಂದ ಹರಡಿಕೊಂಡಿರಬೇಕು ಎಂಬ ಈ ವಿಚಾರವನ್ನು ಜೇಮ್ಸ್ ಮೀಡ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞರಿಂದ ಪಡೆದರು. ನಮ್ಮಲ್ಲಿ 1974ರಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆ ಬಂದು ಗೇಣಿದಾರರು ಒಡೆಯರಾದರು. ಕಾಫಿ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಸಿಕ್ಕಿತು. ಗೇಣಿದಾರನಿಗೆ ಉಳಲು ಹೊಲವಾದರೂ ಇತ್ತು, ಕೂಲಿಯವನಿಗೆ ಅದೂ ಇರಲಿಲ್ಲ. ನಮ್ಮ ಅಪ್ಪ ಆ ವರ್ಷವೂ ಹಣ್ಣು ಕೊಯ್ದರು, ಅದರ ಮುಂದಿನ ವರ್ಷವೂ ಕೊಯ್ದರು.

ಕೊನೆಯದಾಗಿ ಒಂದು. ರಾಲ್ಸ್ ಹದಿನೇಳನೇ ಸೆಕ್ಷನ್‌ನಲ್ಲಿ ಹೇಳುತ್ತಾರೆ: ಸ್ವಾತಂತ್ರ್ಯ, ಸಮಾನತೆಯ ಬಗ್ಗೆ ಎಲ್ಲರೂ ಬರೆದರು, ಸೋದರತ್ವವನ್ನು ರಾಜಕೀಯ ಚಿಂತಕರು ಮೂಲೆಗಿಟ್ಟರು; ನನ್ನ ಎರಡನೇ ನಿಯಮ ಅದಕ್ಕೊಂದು ಅರ್ಥ ಕೊಡುತ್ತದೆ ಎಂದು. ನನ್ನ ತಮ್ಮನಿಗೆ ಏನೂ ದಕ್ಕದ ಲಾಭ ನನಗೂ ಬೇಡ ಅನ್ನುವುದು ಮನೆಯ ಭಾವ. ಅದಕ್ಕಿಂತ ಹದಿನೇಳು ವರ್ಷ ಮುಂಚೆ, 1954ರ ಅಕ್ಟೋಬರ್ 3ರಂದು ಆಕಾಶವಾಣಿಯಲ್ಲಿ ಅಂಬೇಡ್ಕರ್ ಇದೇ ಮೂರು ಪದ ಹಿಡಿದು ಮಾತಾಡಿದ್ದರು. ಅವನ್ನು ಫ್ರಾನ್ಸಿನ ಕ್ರಾಂತಿಯಿಂದ ತರಲಿಲ್ಲ, ನನ್ನ ಗುರು ಬುದ್ಧನಿಂದ ಪಡೆದೆ ಎಂದರು. ಸೋದರತ್ವ ಇಲ್ಲದಿದ್ದರೆ ಉಳಿದೆರಡಕ್ಕೂ ಕಾವಲಿಲ್ಲ ಎಂದರು. ರಾಲ್ಸ್ ಅಂಬೇಡ್ಕರರನ್ನು ಓದಿ ಇದನ್ನು ಬರೆದರು ಎಂದು ನಾನು ಹೇಳುತ್ತಿಲ್ಲ. ಬೇರೆ ಬೇರೆ ದಾರಿಯಲ್ಲಿ ಬಂದ ಇಬ್ಬರು ಒಂದೇ ಬಾವಿಯ ಹತ್ತಿರ ನಿಂತರು. ಒಬ್ಬರಿಗೆ ಆ ಬಾವಿಯ ನೀರು ಮುಟ್ಟಲು ಬಿಟ್ಟಿರಲಿಲ್ಲ ಎಂಬ ವ್ಯತ್ಯಾಸ ಮಾತ್ರ ನನಗೆ ಮರೆಯಲಾಗದು.

ಹೆತ್ತೂರು ಬೆಳೆಗಾರ

ತಮ್ಮಾ, ಎರಡು ಸಲ ಓದಿದೆ. ನಮ್ಮ ತೋಟದಲ್ಲೂ ಲೈನ್ ಇದೆ. ನಾನು ಪಾಲಿನ ಕಥೆ ಹೇಳುವಾಗ ಆ ಮನೆಗಳನ್ನು ಯಾವ ಪಾಲಿಗೆ ಬರೆದೆವು ಎಂದು ಯೋಚಿಸಿಯೇ ಇರಲಿಲ್ಲ.

ನೀವು ಹೇಳಿದ್ದಕ್ಕೆ ನನ್ನದೊಂದು ಸೇರಿಕೆ. ರಾಲ್ಸ್ ಪ್ರಿನ್ಸ್‌ಟನ್‌ನಲ್ಲಿ ಪದವಿಗಾಗಿ 1942ರ ಕೊನೆಯಲ್ಲಿ ಒಪ್ಪಿಸಿದ ಪ್ರಬಂಧ ಪಾಪ ಮತ್ತು ಶ್ರದ್ಧೆಯ ಬಗ್ಗೆ. ಅವರು ತೀರಿಕೊಂಡ ಮೇಲೆ, 2009ರಲ್ಲಿ ಅದು ಅಚ್ಚಾಯಿತು. ಇಪ್ಪತ್ತೊಂದರ ಆ ಹುಡುಗ ಅದರಲ್ಲಿ ಎರಡು ವಿಚಾರಗಳನ್ನು ತಳ್ಳಿಹಾಕಿದ್ದ. ಸಮಾಜ ಎಂದರೆ ಬಿಡಿಬಿಡಿ ವ್ಯಕ್ತಿಗಳ ಒಪ್ಪಂದ ಎಂಬುದು ಒಂದು. ದೇವರ ಮುಂದೆ ‘ನನ್ನ ಯೋಗ್ಯತೆಯಿಂದ ಗಳಿಸಿದೆ’ ಎಂದು ಹೇಳಿಕೊಳ್ಳಬಹುದು ಎಂಬುದು ಇನ್ನೊಂದು. ಮೊದಲನೆಯದನ್ನು ಆಮೇಲೆ ತಾನೇ ಅಪ್ಪಿಕೊಂಡರು. ಎರಡನೆಯದನ್ನು, ದೇವರು ಹೋದ ಮೇಲೂ, ಬಿಡಲಿಲ್ಲ. ನನ್ನ ಪ್ರಶ್ನೆಗೆ ನನಗೆ ಹೊಳೆಯುತ್ತಿರುವ ಉತ್ತರ ಇದೇ. ಕಾಂಟ್, ರೂಸೋ, ಲಾಕ್ ಮನೆಯ ಗೋಡೆ ಮಾಡು ಕೊಟ್ಟರು. ಪಾಯ ಅದಕ್ಕಿಂತ ಹಳೆಯದು, ‘ಇದು ನನ್ನ ಯೋಗ್ಯತೆ’ ಅನ್ನುವ ಹೆಮ್ಮೆಯ ಮೇಲಿನ ಅಪನಂಬಿಕೆ.

ವಕೀಲೆ, ಅರಸೀಕೆರೆ

ಬೆಳೆಗಾರರೇ, ಮೊದಲ ದಿನದಿಂದ ಓದುತ್ತಿದ್ದೇನೆ. ಒಂದು ಪ್ರಶ್ನೆ ಕೇಳದೆ ಇರಲಾರೆ. “ಇಬ್ಬರೇ ಗಂಡುಮಕ್ಕಳು” ಎಂದು ಬರೆದಿದ್ದೀರಿ. ನಿಮ್ಮ ತಾತನಿಗೆ ಹೆಣ್ಣುಮಕ್ಕಳಿರಲಿಲ್ಲವೇ?

ನಿಮ್ಮನ್ನು ದೂರಲು ಕೇಳುತ್ತಿಲ್ಲ, ಈ ಚರ್ಚೆಯ ತಿರುಳೇ ಇಲ್ಲಿದೆ. ನಿಮ್ಮ ಮನೆ ಪಾಲಾದ ಅದೇ 1989ರಲ್ಲಿ ಸೂಸನ್ ಮೊಲ್ಲರ್ ಓಕಿನ್ ಎಂಬ ಚಿಂತಕಿಯ ಪುಸ್ತಕ ಬಂತು, ನ್ಯಾಯ ಮತ್ತು ಕುಟುಂಬದ ಬಗ್ಗೆ. ರಾಲ್ಸ್‌ರ ಪರದೆಯ ಹಿಂದೆ ಕೂತವರು ಯಾರು ಎಂದು ಅವರು ನೋಡಿದರು. ಮುಂದಿನ ತಲೆಮಾರಿನ ಹಿತವನ್ನೂ ನೋಡಿಕೊಳ್ಳಲಿ ಎಂದು ರಾಲ್ಸ್ ಹಾಗೆ ಕೂತವರನ್ನು ‘ಕುಟುಂಬದ ಯಜಮಾನರು’ ಎಂದು ಕಲ್ಪಿಸಿಕೊಂಡಿದ್ದರು. ಪರದೆ ಏನೇನನ್ನು ಮುಚ್ಚುತ್ತದೆ ಎಂಬ 1971ರ ಪಟ್ಟಿಯಲ್ಲಿ ವರ್ಗವಿದೆ, ಬುದ್ಧಿವಂತಿಕೆ ಇದೆ, ಗಂಡೋ ಹೆಣ್ಣೋ ಎಂಬುದಿಲ್ಲ. ಆಮೇಲೆ ಸೇರಿಸಿದರು. 1997ರ ಲೇಖನದಲ್ಲಿ ಕುಟುಂಬದ ಬಗ್ಗೆ ಒಂದು ಭಾಗವನ್ನೇ ಬರೆದರು. ಇಂಗ್ಲಿಷ್ ಚಿಂತಕ ಜಾನ್ ಸ್ಟೂವರ್ಟ್ ಮಿಲ್ 1869ರಲ್ಲೇ ಹೆಣ್ಣಿನ ಅಧೀನತೆಯ ಬಗ್ಗೆ ಪುಸ್ತಕ ಬರೆದಿದ್ದ, ರಾಲ್ಸ್ ಮಿಲ್‌ನನ್ನು ಗೌರವದಿಂದ ಪಾಠ ಮಾಡಿದವರು. ಆದರೂ ಆ ಪ್ರಭಾವ ಅವರ ಬರಹದೊಳಗೆ ಬರಲು ಓಕಿನ್‌ರಂಥವರು ಕದ ತಟ್ಟಬೇಕಾಯಿತು. ಓಕಿನ್ ಪರದೆಯನ್ನು ಎಸೆಯಲಿಲ್ಲ, ಅದನ್ನು ನಿಜವಾಗಿ ಬಳಸಿದರೆ ಅಡುಗೆಮನೆಯನ್ನೂ ಬಿಡಲಾಗದು ಎಂದರು.

ಕಾನೂನಿನ ಮಾತು ಹೇಳುವುದಾದರೆ, ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ, ಅದೂ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. ಕೇಂದ್ರದ ತಿದ್ದುಪಡಿ 2005ರಲ್ಲಿ ಬಂತು. ಎರಡೂ ಆಗಲೇ ಮುಗಿದ ಪಾಲನ್ನು ಮತ್ತೆ ಬಿಚ್ಚಲು ಹೇಳಲಿಲ್ಲ. ಆದ್ದರಿಂದ ನಿಮ್ಮ 1989ರ ಪಾಲು ಅಂದಿನ ಕಾನೂನಿಗೆ ಸರಿಯಾಗಿಯೇ ಇದ್ದಿರಬಹುದು. ನಾನು ಕೇಳುತ್ತಿರುವುದು ಕಾನೂನನ್ನಲ್ಲ.

ಕಡೂರು ಗಣಿತದ ಟೀಚರ್

ಮೇಡಂ, ಇದು ನನ್ನ ಲೆಕ್ಕಕ್ಕೂ ತಾಗುತ್ತದೆ. ಮೂರು ‘ಮನೆ’ ಎಂದು ಬರೆದೆ. ಆ ಮನೆಗೆ ಬಂದ 60ರಲ್ಲಿ ಯಾರ ತಟ್ಟೆಗೆ ಎಷ್ಟು ಎಂದು ಕೇಳಲಿಲ್ಲ. ತಿದ್ದಿಕೊಳ್ಳುತ್ತೇನೆ.

ಹಾಸನದ ಮೇಷ್ಟ್ರು

ಟೀಚರ್ ಈಗ ಮಾಡಿದ್ದಕ್ಕೆ ರಾಲ್ಸ್‌ನಲ್ಲಿ ಒಂದು ಹೆಸರೇ ಇದೆ, ‘ಚಿಂತನಶೀಲ ಸಮತೋಲ’. ನಿಯಮ ಹಿಡಿದು ತೀರ್ಪನ್ನು ತಿದ್ದುವುದು, ತೀರ್ಪು ಕುಟುಕಿದಾಗ ಹಿಂದಕ್ಕೆ ಹೋಗಿ ನಿಯಮವನ್ನೇ ತಿದ್ದುವುದು. ನೆಲ್ಸನ್ ಗುಡ್‌ಮನ್ 1955ರಲ್ಲಿ ತರ್ಕಶಾಸ್ತ್ರದ ವಿಚಾರವಾಗಿ ಹೇಳಿದ್ದನ್ನು ರಾಲ್ಸ್ ನೀತಿಗೆ ತಂದ. ವಕೀಲೆಯವರ ಪ್ರಶ್ನೆ ಕುಟುಕುವ ಜಾತಿಯದು.

ಹೆತ್ತೂರು ಬೆಳೆಗಾರ

ಮೇಡಂ, ಉತ್ತರಕ್ಕೆ ನಾಲ್ಕು ದಿನ ತೆಗೆದುಕೊಂಡೆ, ಕ್ಷಮಿಸಿ. ಇದ್ದರು. ಇಬ್ಬರು ಅತ್ತೆಯರು. ದೊಡ್ಡತ್ತೆ ತೀರಿಕೊಂಡಿದ್ದಾರೆ. ಚಿಕ್ಕತ್ತೆ ಬೇಲೂರಿನ ಹತ್ತಿರ ಮಗನ ಮನೆಯಲ್ಲಿದ್ದಾರೆ. ನಿನ್ನೆ ಹೋಗಿದ್ದೆ.

ರಾಲ್ಸ್, ಪರದೆ ಏನನ್ನೂ ಹೇಳಲಿಲ್ಲ. “ಅತ್ತೆ, ಪಾಲಾದ ವರ್ಷ ನಿಮ್ಮನ್ನೂ ಎತ್ತು ಅಂದಿದ್ದರೆ ಯಾವುದನ್ನು ಎತ್ತುತ್ತಿದ್ರಿ?” ಎಂದು ಕೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಯೋಚನೆ ಮಾಡಲೂ ಇಲ್ಲ. “ಹಳ್ಳದ ಬದಿ ಗದ್ದೆ, ಮೇಲಿನ ಹಲಸಿನ ಮರದವರೆಗೆ. ಕಾಫಿ ಬೇಡ. ಅಲ್ಲಿ ಬೇಸಿಗೆಯಲ್ಲೂ ನೀರು ಬತ್ತಲ್ಲ ಕಣೋ, ಎರಡು ಬೆಳೆ ತೆಗೀಬಹುದು. ನಿಮ್ಮಪ್ಪನಿಗೆ ಅದು ಗೊತ್ತಿರಲಿಲ್ಲ, ಒಂದೇ ಬೆಳೆ ಲೆಕ್ಕ ಹಿಡಿದು ಪಾಲು ಕಟ್ಟಿದ” ಅಂದರು.

ಅಪ್ಪನಿಗೆ ಗೊತ್ತಿರದಿದ್ದದ್ದು ಇವರಿಗೆ ಹೇಗೆ ಗೊತ್ತು ಎಂದೆ. ಮದುವೆಗೆ ಮುಂಚೆ ಹನ್ನೆರಡು ವರ್ಷ ಆ ಗದ್ದೆಗೆ ನಾಟಿಗೆ ಇಳಿದವರು ಅವರು. ಪಾಲಿನ ಹೊತ್ತಿಗೆ ತವರಿಗೆ ಬಂದಿದ್ದರಂತೆ. ಆ ಮೂರು ದಿನ ಅಪ್ಪ ತೋಟ ಸುತ್ತುವಾಗ ಬುತ್ತಿ ಹೊತ್ತು ಹಿಂದೆ ಹಿಂದೆ ಹೋದವರೂ ಅವರೇ. “ಕೇಳಿದ್ರೆ ಹೇಳ್ತಿದ್ದೆ” ಅಂದರು.